ಶಿತೌನ ಅಳತೆ

ಲಾನ್‌ಯಿಂಗ್ ತಗಡಿನ ಡಬ್ಬಿ ತೆರೆದು ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. ಬಟ್ಟೆ ಷೂ ಹೊಲಿಯಲೆಂದು ಮನೆಯವರ ಪಾದದ ಅಳತೆಗೆ ಕತ್ತರಿಸಿಟ್ಟ ಹಳೇ ಕಾಗದಗಳು. ಕೊನೆಯದನ್ನು ಕಂಡದ್ದೇ ತಡ, ಹಳೇ ಹಾಡು ಹುಡುಕಿಕೊಂಡು ಬಂದಿದ್ದ ಮಠದ ಸನ್ಯಾಸಿ ರೆನ್ ಮಿಂಗ್‌ಯುವಾನ್ ಎದ್ದು ನಿಂತುಬಿಟ್ಟರು. ಗೇಣುದ್ದವೂ ಇಲ್ಲದ ಆ ಕಾಗದದ ಪಾದದ ತುಂಬ ಅವರ ಗುರುವಿನ ಕೈಬರಹ.

ಮೂವತ್ತು ವರ್ಷದ ಹಿಂದೆ, ಪೂಜೆ ಪುನಸ್ಕಾರಗಳನ್ನೆಲ್ಲ ಸರ್ಕಾರ ಅಳಿಸಹೊರಟಿದ್ದ ಕಾಲದಲ್ಲಿ, ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಹುಡುಗರು ಬೆಟ್ಟದ ಮೇಲಿನ ದಾವೋ ಮಠಕ್ಕೆ ನುಗ್ಗಿ ಗ್ರಂಥಗಳಿಗೆ ಬೆಂಕಿಯಿಟ್ಟಿದ್ದರು. ಗಾಳಿಗೆ ಹಾರಿ ಬಂದ ಹಾಳೆಗಳನ್ನು ಊರಿನ ಹೆಂಗಸರು ಆಯ್ದುಕೊಂಡಿದ್ದರು. ಆ ಚಳಿಗಾಲದಲ್ಲೇ ಗುರು ತೀರಿಕೊಂಡರು, ಮಂತ್ರವಿಲ್ಲ, ಧೂಪವಿಲ್ಲ. ಮಠದ ಬಾಗಿಲು ಮತ್ತೆ ತೆರೆದ ಮೇಲೆ ರೆನ್ ಊರೂರು ಅಲೆದು, ಮುದುಕರ ಬಾಯಿಂದ ಕೇಳಿ, ಸತ್ತವರಿಗೆ ಹಾಡುವ ಹಾಡುಗಳನ್ನೆಲ್ಲ ಮತ್ತೆ ಬರೆದಿಟ್ಟರು. ಸಿಗದೆ ಉಳಿದದ್ದು ಒಂದೇ: ಕ್ರಿಯೆಯಿಲ್ಲದೆ ಹೋದವರನ್ನು ಕರೆಯುವ ಹಾಡು.

“ಇದನ್ನ ನಂಗೆ ಕೊಡ್ತೀಯಾ ತಾಯಿ?”

“ಬೇರೆ ಯಾವುದಾದ್ರೂ ತಗೊಳ್ಳಿ ಗುರುಗಳೇ, ಇದು ಆಗಲ್ಲ.” ಅವಳು ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. “ಇದು ನನ್ನ ಮಗ ಶಿತೌನ ಕಾಲಳತೆ. ಐದು ತುಂಬಿರ್ಲಿಲ್ಲ, ಜ್ವರದಲ್ಲಿ ಹೋದ. ಒಂದು ಫೋಟೋನೂ ಇಲ್ಲ. ಬರ್ಕೊಳ್ಳೋದಾದ್ರೆ ಬರ್ಕೊಳ್ಳಿ, ಕಾಗದ ನನ್ನ ಹತ್ರಾನೇ ಇರ್ಲಿ.”

ರೆನ್ ಚೀಲದಿಂದ ಪುಸ್ತಕ, ಪೆನ್ನು ತೆಗೆದರು. ಲಾನ್‌ಯಿಂಗ್ ಕುಡಿಯಲು ಬಿಸಿನೀರು ತಂದಿಟ್ಟು ಎದುರಿಗೇ ಕೂತಳು.

“ಅಷ್ಟು ದೊಡ್ಡ ಪಂಡಿತರು ಅಂತಾರೆ ನಿಮ್ಮನ್ನ. ಒಂದು ಹಾಡು ನೆನಪಿಟ್ಕೊಳ್ಳೋಕೆ ಆಗ್ಲಿಲ್ವಾ?”

“ಗುರುಗಳು ಇದನ್ನ ಕಲಿಸಿದ ದಿನ ನಾನು ಗೋಡೆ ಹಾರಿ ನಾಟಕ ನೋಡೋಕೆ ಹೋಗಿದ್ದೆ.”

ಅವಳು ನಕ್ಕಳು. ರೆನ್ ಒಂದೊಂದೇ ಅಕ್ಷರ ನೋಡಿ ಪುಸ್ತಕಕ್ಕೆ ಇಳಿಸಿಕೊಂಡರು.

“ಏನಿದೆ ಅದರಲ್ಲಿ? ನಂಗೆ ಓದೋಕೆ ಬರಲ್ಲ.”

ಕ್ರಿಯೆಯಿಲ್ಲದೆ ಹೋದವರನ್ನು ಕರೆಯುವ ಹಾಡೆಂದು ಅವರು ಹೇಳಿದರು. ಲಾನ್‌ಯಿಂಗ್ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು.

“ಹಾಗಾದ್ರೆ ಒಂದ್ಸಲ ಹಾಡಿ. ಅವನಿಗೆ ಯಾರೂ ಏನೂ ಹಾಡ್ಲಿಲ್ಲ. ಹಾಡಿದ್ರೆ ಹಿಡ್ಕೊಂಡು ಹೋಗ್ತಿದ್ದ ಕಾಲ ಅದು. ರಾತ್ರೋರಾತ್ರಿ ಅವನಪ್ಪ ಒಬ್ಬರೇ ಎತ್ಕೊಂಡು ಹೋಗಿ ಹೂತು ಬಂದ್ರು.”

ರೆನ್ ನೆತ್ತಿಯ ಜುಟ್ಟು ಸರಿಪಡಿಸಿಕೊಂಡು, ನಿಲುವಂಗಿಯ ಧೂಳು ಕೊಡವಿ ನಿಂತರು. ರಾಗ ಕೈಕೊಡಬಹುದೆಂಬ ಹೆದರಿಕೆಯಿತ್ತು. ಆದರೆ ಗುರುವಿನ ಅಕ್ಷರದ ಮೇಲೆ ಕಣ್ಣಿಟ್ಟೊಡನೆ, ಗುರು ಹಾಡುವಾಗ ಎಂದೋ ಕಿವಿಗೆ ಬಿದ್ದಿದ್ದ ರಾಗ ತಾನಾಗಿಯೇ ಬಂತು.

“ಯಾರೂ ಕರೆಯದೆ ಹೋದವರೇ, ಈ ಬಾಗಿಲಿಗೆ ಬನ್ನಿ. ಗಂಜಿ ಬಿಸಿಯಾಗಿದೆ, ಉಂಡು ಹೋಗಿ. ಹೆಸರು ಹಿಡಿದು ಕೂಗುತ್ತಿದ್ದೇವೆ...”

ಆ ಹುಡುಗರು ತಪ್ಪಿತಸ್ಥನೆಂದು ಬರೆದು ಹಾಕಿದ ಹಲಗೆ ಕೊರಳಲ್ಲಿ ನೇತಾಡುತ್ತಿರಲು, ಸೊಂಟ ಬಾಗಿ ಮಠದ ಅಂಗಳದಲ್ಲಿ ನಿಂತಿದ್ದ ಗುರು ಕಣ್ಣೆದುರು ಬಂದರು. ರೆನ್ ಕಾಗದದ ಮೇಲೆ ಬೆರಳಿಟ್ಟು ಮುಂದಿನ ಸಾಲು ಎತ್ತಿಕೊಂಡರು. ಲಾನ್‌ಯಿಂಗ್ ಕಣ್ಣು ಮುಚ್ಚಿ ಕೂತಿದ್ದಳು, ತುಟಿ ಮಾತ್ರ ಮಗನ ಹೆಸರು ಹೇಳುತ್ತಿತ್ತು. ಹಾಡು ಪಾದದ ಅಂಚಿಗೆ ಬಂದು, ಸಾಲಿನ ನಡುವೆಯೇ ನಿಂತಿತು.

ಅವಳು ಕಣ್ಣು ತೆರೆದಳು. “ಯಾಕೆ ನಿಲ್ಲಿಸಿದ್ರಿ?”

“ಮುಂದಿಂದು ಇಲ್ಲ ತಾಯಿ. ಕತ್ತರೀಲಿ ಹೋಗಿದೆ.”

ಲಾನ್‌ಯಿಂಗ್ ಆ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

“ಏನ್ಮಾಡ್ಲಿ ಗುರುಗಳೇ, ಅವನ ಕಾಲು ಇದ್ದಿದ್ದೇ ಅಷ್ಟು.”