ಕೆಂಪು ಟವೆಲ್

ಬೆಂಗಳೂರಿಗೆ ಹೋಗುವ ಮಾರಿಕುಪ್ಪಂ ರೈಲು ಬಂಗಾರಪೇಟೆಯಲ್ಲಿ ನಿಂತಾಗ ಸುಕನ್ಯ ತಲೆ ತಗ್ಗಿಸಿಕೊಂಡು ಕಡೇ ಬೋಗಿಯತ್ತ ಓಡಿದಳು. ದಿನಾ ಹತ್ತುವ ಬೋಗಿಯಲ್ಲಿ ವಾಟ್ಸಾಪ್ ಗುಂಪಿನವರಿರುತ್ತಾರೆ. ರೈಲಿನ ತಡದಿಂದ ಹಿಡಿದು ಮನೆಯ ಸಾರಿನವರೆಗೆ ಎಲ್ಲವನ್ನೂ ಚರ್ಚಿಸುವ ಆ ಗುಂಪಿನಲ್ಲೇ ನಿನ್ನೆ ಅವಳು ಬಂಗಾರಪೇಟೆಗೆ ಮೊದಲೇ ಊರಿಗಾಂನಲ್ಲಿ ಹತ್ತುವ ಸೆಲ್ವಿಗೆ ವಾಯ್ಸ್ ಮೆಸೇಜಿನಲ್ಲಿ ಬೈದಿದ್ದಳು: “ಟವೆಲ್ ಆಕಿ ಸೀಟು ಇಡಿಯೋಕೆ ರೈಲೇನು ನಿಮ್ಮಪ್ಪಂದಾ?” ಗುಂಪಿನವರೇ ತೆಗೆದುಹಾಕುವ ಮೊದಲು ತಾನೇ ಗುಂಪು ಬಿಟ್ಟಿದ್ದಳು. ಆಮೇಲೆ ಸದ್ದೇ ಮಾಡದ ಫೋನು ನೋಡಿ ನೋಡಿ ಊಟವೂ ಸೇರಿರಲಿಲ್ಲ.

ದಿನಾ ಹತ್ತುವ ಬೋಗಿಯನ್ನು ದಾಟುವಾಗ, ಅದರ ಬಾಗಿಲಲ್ಲಿ ನಿಂತಿದ್ದ ಸೆಲ್ವಿ ಅವಳ ಊಟದ ಚೀಲ ಹಿಡಿದು ಒಳಕ್ಕೆ ಎಳೆದಳು. “ಎಲ್ಲಿಗಕ್ಕಾ ಓಟ?”

“ಬಿಡಮ್ಮ. ಬೈದಿದ್ದು ಕೇಳಿಸ್ಲಿಲ್ವಾ?”

“ಕೇಳಿಸ್ತು. ನೀವು ಹೇಳಿದ್ದು ಸರಿ ಅಂತ ಗುಂಪಲ್ಲಿ ಎಲ್ಲಾರೂ ಒಪ್ಕೊಂಡ್ವಿ. ಇನ್ಮೇಲೆ ಇಲ್ಲೀಗಂಟ ಕೂತು ಬಂದೋರು, ಇಲ್ಲಿ ಹತ್ತೋರಿಗೆ ಸೀಟು ಬಿಡ್ಬೇಕು.” ತನ್ನ ಸೀಟಿನ ಮೇಲಿದ್ದ ಕೆಂಪು ಟವೆಲ್ ಎತ್ತಿ, ಅದರಲ್ಲೇ ಸೀಟು ಒರೆಸಿ, ಹೆಗಲಿಗೆ ಹಾಕಿಕೊಂಡಳು. “ರೈಲು ನಮ್ಮಪ್ಪಂದಲ್ಲ. ಟವೆಲ್ ಮಾತ್ರ ನಮ್ಮಪ್ಪಂದೇ. ಕೂತ್ಕೊಳ್ಳಿ.”

ಬೋಗಿಯೆಲ್ಲ ನಕ್ಕಿತು. ಸುಕನ್ಯಳ ಫೋನು ಟಿಂಗ್ ಎಂದಿತು. ಯಾರೋ ಅವಳನ್ನು ಮತ್ತೆ ಗುಂಪಿಗೆ ಸೇರಿಸಿದ್ದರು. ಅವಳು ಸರಿದು ಕೂತು, ಸೆಲ್ವಿಯ ಕೈ ಜಗ್ಗಿ ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ ಫೋನನ್ನು ಬಾಯಿ ಹತ್ತಿರ ಹಿಡಿದಳು. ಮರುಕ್ಷಣ ಬೋಗಿಯ ಉದ್ದಕ್ಕೂ ಒಂದೊಂದೇ ಫೋನಿನಿಂದ ಅವಳದೇ ಗಡಸು ದನಿ ಕೇಳಿಬಂತು:

“ಎಲ್ಲಾರ್ಗೂ ನಮಸ್ಕಾರ. ಬಂಗಾರಪೇಟೆ ಸುಕನ್ಯ ವಾಪಸ್ ಬಂದವ್ಳೆ.”