ಒಂದು ಗುಟುಕಿನ ಲೆಕ್ಕ

ಸಲೋಮತ್ ಅಕ್ಕ ಬರ್ನೋಳ ಬಟ್ಟಲಿಗೆ ಹಸಿರು ಚಹಾವನ್ನು ಅಂಚಿನವರೆಗೂ ಸುರಿದರು. ಅವಳ ತಾಯಿ ಹುರಿಯತ್‌ಳ ಬಟ್ಟಲಿಗೂ ಹಾಗೆಯೇ. ಹುರಿಯತ್‌ಳ ಮುಖ ಸಪ್ಪಗಾಯಿತು. ಕೋಕಂದ್ ಊರಿನಲ್ಲಿ ಬೇಕಾದ ಅತಿಥಿಗೆ ಬಟ್ಟಲಿನ ತಳ ಮುಚ್ಚುವಷ್ಟೇ ಚಹಾ ಹಾಕುತ್ತಾರೆ. ಮತ್ತೆ ಮತ್ತೆ ಹಾಕಿಕೊಡುತ್ತ ಕೂರಿಸಿಕೊಳ್ಳುತ್ತಾರೆ. ತುಂಬಿದ ಬಟ್ಟಲೆಂದರೆ ಕುಡಿದು ಹೊರಡಿ ಎಂದರ್ಥ.

ತಪ್ಪು ಬರ್ನೋಳದೇ. ಫಾರ್ಮಸಿ ಕಾಲೇಜಿನ ಸೀಟು ಹೋದ ವರ್ಷ ಕೈತಪ್ಪಿದ್ದು ರಸಾಯನಶಾಸ್ತ್ರದಿಂದ. ಈ ಸಲವಾದರೂ ಸಿಗಬೇಕೆಂದರೆ ಸಲೋಮತ್ ಅಕ್ಕ ಪಾಠ ಹೇಳಲು ಒಪ್ಪಬೇಕು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ದ್ರಾಕ್ಷಿ ಚಪ್ಪರದ ಕೆಳಗಿನ ಅಗಲ ಮಂಚದ ಮೇಲೆ ನಾಲ್ಕಾರು ಮಕ್ಕಳನ್ನಷ್ಟೇ ಕೂರಿಸಿಕೊಳ್ಳುತ್ತಿದ್ದರು. ಬಾಯಿಪಾಠದವರು ತಮಗೆ ಬೇಡ ಎಂದು ಮೊದಲೇ ಹೇಳಿಬಿಡುತ್ತಿದ್ದರು.

ಇವತ್ತು ಅವರು ಮೊದಲು ಕೇಳಿದ್ದು ಮೋಲ್ ಎಂದರೇನು ಎಂದು. ಬರ್ನೋ ಆರು ದಶಾಂಶ ಸೊನ್ನೆ ಎರಡು, ಗುಣಿಸು ಹತ್ತರ ಘಾತ ಇಪ್ಪತ್ಮೂರು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಸಲೋಮತ್ ಅಕ್ಕ ಕಲ್ಲುಸಕ್ಕರೆಯ ತಟ್ಟೆಯನ್ನು ಅವಳತ್ತ ಸರಿಸಿದರು. ನೀರಿನ ಒಂದು ಮೋಲ್ ಹದಿನೆಂಟು ಗ್ರಾಂ, ಸಕ್ಕರೆಯ ಒಂದು ಮೋಲ್ ಮುನ್ನೂರ ನಲವತ್ತೆರಡು ಗ್ರಾಂ. ಯಾವುದರಲ್ಲಿ ಅಣುಗಳು ಹೆಚ್ಚು ಎಂದರು. ಬರ್ನೋ ತಟ್ಟೆಯಲ್ಲಿದ್ದ ದಪ್ಪ ದಪ್ಪ ಹರಳುಗಳನ್ನು ನೋಡಿ ಸಕ್ಕರೆಯಲ್ಲೇ ಎಂದಳು. ಅವರು ಚಹಾದ ಪಾತ್ರೆ ಎತ್ತಿಕೊಂಡರು.

ಹುರಿಯತ್ ನಾಲ್ಕು ಗುಟುಕು ಕುಡಿದು ಎದ್ದೇಬಿಟ್ಟಳು. ಬರ್ನೋಳಿಗೆ ಬಟ್ಟಲು ಮುಟ್ಟಲೂ ಆಗಲಿಲ್ಲ. ಸಲೋಮತ್ ಅಕ್ಕ ಒಳಗೆ ಹೋಗಿ, ಅತಿಥಿಗಳು ರೊಟ್ಟಿ ಸುತ್ತಿ ತಂದಿದ್ದ ಬಟ್ಟೆಯಲ್ಲಿ ಮರುಕಾಣಿಕೆ ಕಟ್ಟಲು ಕೂತರು. ಹುರಿಯತ್ ತಂದಿದ್ದದ್ದು ತನ್ನ ತಂದೂರಿನ ರೊಟ್ಟಿ, ಮೊರದಗಲದ್ದು, ಒಂದು ಜೋಡಿ. ಸಲೋಮತ್ ಅಕ್ಕ ಕಟ್ಟಿದ ಜೋಡಿ ಅಂಗೈಯಗಲದ್ದು.

"ಇಷ್ಟೇ ಇಷ್ಟು ಕಟ್ಟಿಕೊಡೋಕೆ ನಾಚಿಕೆ ಆಗುತ್ತೆ ಹುರಿಯತ್," ಎಂದರು.

"ಅಯ್ಯೋ ಬಿಡಿ ಅಕ್ಕ. ಜೋಡಿ ಅಂದ್ಮೇಲೆ ಜೋಡಿ. ಬೀಗರ ಮನೇಲೂ ಯಾರೂ ತಕ್ಕಡಿ ಹಿಡ್ಕೊಂಡು ಬಾಗಿಲಲ್ಲಿ ಕೂತಿರಲ್ಲ."

ಇಬ್ಬರೂ ನಕ್ಕರು. ಹುರಿಯತ್ ಗಂಟನ್ನು ಕಂಕುಳಿಗೆ ಸೇರಿಸಿ, ಮಗಳ ತೋಳು ಹಿಡಿದು ಬೀದಿ ಬಾಗಿಲಿನತ್ತ ನಡೆದಳು. ಬರ್ನೋ ಮಾತ್ರ ಒಳಗಿನ ಗೂಡಿನಲ್ಲಿ ಒರಗಿಸಿಟ್ಟ ತಮ್ಮ ರೊಟ್ಟಿಗಳನ್ನು ನೋಡಿದಳು, ಗಂಟನ್ನು ನೋಡಿದಳು. ಅಲ್ಲೇ ನಿಂತಳು.

"ಅಕ್ಕ, ನೀವು ಕೇಳಿದ್ದು ಎಣಿಕೆ. ನಾನು ತೂಕ ಹೇಳ್ಬಿಟ್ಟೆ."

ಸಲೋಮತ್ ಅಕ್ಕ ಕನ್ನಡಕದ ಮೇಲಿಂದ ನೋಡಿದರು.

"ಎರಡರಲ್ಲೂ ಅಣುಗಳು ಒಂದೇ ಸಮ," ಎಂದಳು ಬರ್ನೋ. "ನಮ್ಮದೂ ಜೋಡಿ, ನಿಮ್ಮದೂ ಜೋಡಿ. ಸಕ್ಕರೆ ಅಣು ಅಮ್ಮನ ರೊಟ್ಟಿ. ಒಂದೊಂದೂ ಭಾರ."

"ನನ್ನ ರೊಟ್ಟಿ ಯಾಕೆ ಎಳೀತೀಯೇ ಇದರೊಳಗೆ," ಎಂದು ಹುರಿಯತ್ ಪಿಸುಗುಟ್ಟಿದಳು. ಆದರೆ ತೋಳು ಬಿಟ್ಟಳು.

"ಜೋಡಿ ಥರ ಮೋಲೂ ಬರೀ ಎಣಿಕೆ ಅಂತೀಯ. ಹಾಗಿದ್ರೆ ನಾವು ಪ್ರಯೋಗಶಾಲೇಲಿ ತಕ್ಕಡಿ ಯಾಕೆ ಇಟ್ಕೊಂಡಿದೀವಿ?" ಎಂದರು ಸಲೋಮತ್ ಅಕ್ಕ.

ಬರ್ನೋ ಚಪ್ಪರದಿಂದ ಇಳಿಬಿದ್ದ ಬಳ್ಳಿಯ ತುದಿಯೊಂದನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಎಣಿಸೋಕೆ ಆಯಸ್ಸು ಸಾಲಲ್ವಲ್ಲ ಅಕ್ಕ. ಒಂದು ಜೋಡಿ ಎಷ್ಟು ತೂಗುತ್ತೆ ಅಂತ ಗೊತ್ತಿದ್ರೆ ಸಾಕು. ಮೂಟೆ ಬಿಚ್ಚದೇನೇ ಒಳಗೆ ಎಷ್ಟು ಜೋಡಿ ಇದೆ ಅಂತ ಹೇಳ್ಬಹುದು. ತಕ್ಕಡೀನೇ ನಮಗೆ ಎಣಿಸಿ ಕೊಡುತ್ತೆ."

ಸಲೋಮತ್ ಅಕ್ಕ ಮಂಚದ ಬಳಿಗೆ ಬಂದು, ಬರ್ನೋ ಮುಟ್ಟದೇ ಬಿಟ್ಟಿದ್ದ ಬಟ್ಟಲನ್ನು ಎತ್ತಿಕೊಂಡರು. ಆರಿದ ಚಹಾವನ್ನೆಲ್ಲ ಬಳ್ಳಿಯ ಬುಡಕ್ಕೆ ಚೆಲ್ಲಿದರು. ಪಾತ್ರೆಯಿಂದ ಹೊಸದಾಗಿ ಸುರಿದರು. ಬಟ್ಟಲಿನ ತಳದ ನೀಲಿ ಹತ್ತಿಹೂವಿನ ಚಿತ್ರ ಮುಳುಗಿದ್ದೇ ತಡ, ಕೈ ತಡೆದರು.

ಹುರಿಯತ್‌ಗೆ ಅಣುವೂ ತಿಳಿಯಲಿಲ್ಲ, ಮೋಲೂ ತಿಳಿಯಲಿಲ್ಲ. ಬಟ್ಟಲಿನಲ್ಲಿ ಎಷ್ಟಿದೆ ಎಂಬುದು ಮಾತ್ರ ಕಂಡಿತು. ಚಪ್ಪಲಿ ಬಿಟ್ಟು, ಗಂಟನ್ನು ಪಕ್ಕಕ್ಕಿಟ್ಟು, ಮಂಚದ ಮೇಲೆ ಮತ್ತೆ ಕಾಲು ಮಡಚಿ ಕೂತಳು.

"ಎಷ್ಟಿದೆ ನೋಡು," ಎಂದು ಸಲೋಮತ್ ಅಕ್ಕ ಬಟ್ಟಲನ್ನು ಬರ್ನೋಳ ಕೈಗಿತ್ತರು.

ಬರ್ನೋ ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಓರೆ ಮಾಡಿ ನೋಡಿದಳು. "ಒಂದು ಗುಟುಕು, ಹದಿನೆಂಟು ಗ್ರಾಂ ಇರಬಹುದು. ಹೆಚ್ಚು ಕಡಿಮೆ ಒಂದು ಮೋಲ್, ಅಕ್ಕ."

"ಹಂ. ಬೇಗ ಕುಡಿ ಮತ್ತೆ. ಇನ್ನೊಂದು ಮೋಲ್ ಹಾಕ್ಬೇಕು."