ವಿನುತಾಳ ಪಾಯಸ

“ಆ ಸೋದರಮಾವ ಯಾರು ಸಾಬ್ರೆ? ನನ್ನ ಅರ್ಧದಲ್ಲಿ ಬರೀ ಅಳ್ತಾನೇ ಇದಾನೆ!”

ಭಾನುವಾರದ ಪ್ಯಾಸೆಂಜರ್ ಇಳಿದು, ಅಂಗಿಯ ಮೇಲಿನ ಇಂಜಿನ್ ಮಸಿಯನ್ನೂ ಕೊಡವದೆ ಗುಬ್ಬಿಯ ಬೈಂಡಿಂಗ್ ಅಂಗಡಿಗೆ ನುಗ್ಗಿದ ಮಹಾಲಿಂಗಯ್ಯ ಕೂಗಿದ. ನಿಟ್ಟೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಈತನಿಗೂ, ರಟ್ಟು ಕತ್ತರಿಸುತ್ತ ಕುಳಿತಿದ್ದ ಅಜ್ಮತುಲ್ಲಾನಿಗೂ ಕಾದಂಬರಿಯ ಹುಚ್ಚು ಒಂದೇ ಅಳತೆಯದು. ತುಮಕೂರಿನಿಂದ ಹೊಸದೊಂದು ಬಂದರೆ, ಒಬ್ಬ ಓದಿ ಮುಗಿಸುವವರೆಗೆ ಇನ್ನೊಬ್ಬ ಕಾಯಲಾರ. ಆದ್ದರಿಂದ ಹೊಲಿಗೆ ಬಿಚ್ಚಿ ಪುಸ್ತಕವನ್ನು ಎರಡು ಮಾಡುವುದು, ಚೀಟಿ ಎತ್ತಿ ಒಂದೊಂದು ಅರ್ಧ ಒಯ್ಯುವುದು, ವಾರದ ನಂತರ ಅದಲುಬದಲು ಮಾಡಿಕೊಳ್ಳುವುದು. ಕೊನೆಯರ್ಧ ಸಿಕ್ಕವನು ಗುಟ್ಟು ಬಿಟ್ಟರೆ ಮುಂದಿನ ಪುಸ್ತಕದಲ್ಲಿ ಅವನಿಗೆ ಪಾಲಿಲ್ಲ. ಈ ಸಲ ಅದು ಸಿಕ್ಕಿದ್ದು ಮಹಾಲಿಂಗಯ್ಯನಿಗೆ.

“ಅಳ್ತಾನಾ? ನನ್ನ ಅರ್ಧದಲ್ಲಿ ಊರನ್ನೇ ನಗಿಸ್ತಾ ಓಡಾಡ್ತಾನಲ್ರೀ!” ಎಂದ ಅಜ್ಮತುಲ್ಲಾ.

ಒಳಗಿನ ಪರದೆ ಸರಿಯಿತು. ಸೌಟು ಹಿಡಿದು ನಿಂತಿದ್ದವಳು ಅವನ ಹೆಂಡತಿ ಫಾತಿಮುನ್ನೀಸಾ. ಅಂಗಡಿಯ ಪುಸ್ತಕಗಳನ್ನೆಲ್ಲ ಬಿಚ್ಚುವವಳು, ಹೊಲಿಯುವವಳು ಅವಳೇ. ಆದರೆ ಕನ್ನಡ ಅಕ್ಷರ ಬಾರದು. ಗಂಡ ಗಟ್ಟಿಯಾಗಿ ಓದಿದ್ದನ್ನು ದಾರದೊಂದಿಗೇ ಎಳೆದು ಒಳಗಿಟ್ಟುಕೊಳ್ಳುವಳು. ಮೊದಲರ್ಧ, ನಾಯಕಿ ವಿನುತಾ ಜ್ವರದಲ್ಲಿ ಕಣ್ಣು ಮುಚ್ಚುವಲ್ಲಿಗೆ ಕಡಿದುಹೋಗಿತ್ತು. ಆ ಕ್ಷಣದಿಂದ ಫಾತಿಮುನ್ನೀಸಾಳಿಗೆ ನೆಮ್ಮದಿಯಿಲ್ಲ. ಹಿತ್ತಲಿನ ಮೇಕೆಮರಿಗೂ ಅವಳು ವಿನುತಾ ಎಂದೇ ಹೆಸರಿಟ್ಟಿದ್ದಳು.

“ಯಾಕಣ್ಣ ಅಳ್ತಾನೆ ಮಾವ? ಹುಡುಗಿ ಹೋಗ್ಬಿಟ್ಲಾ?”

“ಅಯ್ಯೋ, ನಾನೆಲ್ಲಮ್ಮ ಹಂಗಂದೆ? ಈರುಳ್ಳಿ ಹೆಚ್ತಾ ಇದ್ದ, ಕಣ್ಣಲ್ಲಿ ನೀರು ಬಂತು.”

“ನೂರು ಪುಟಾನೂ ಈರುಳ್ಳಿ ಹೆಚ್ತಾನಾ?”

ಮಹಾಲಿಂಗಯ್ಯ ತಲೆ ತಗ್ಗಿಸಿ ಅಂಗಿಯ ಮಸಿ ಒರೆಸಿಕೊಳ್ಳತೊಡಗಿದ.

“ನೋಡಣ್ಣ, ಸ್ಟವ್ ಮೇಲೆ ಹಾಲಿಟ್ಟಿದೀನಿ. ಹುಡುಗಿ ಎದ್ರೆ ಶಾವಿಗೆ ಪಾಯಸ ಮಾಡಿ ಬೀದಿಗೆಲ್ಲ ಹಂಚ್ತೀನಿ ಅಂತ ಹರಕೆ ಮಾಡ್ಕೊಂಡಿದೀನಿ. ಹಾಲು ಉಕ್ತಾ ಇದೆ. ಒಂದೇ ಮಾತು ಹೇಳು. ಶಾವಿಗೆ ಹಾಕ್ಲೋ, ಬೇಡ್ವೋ?”

“ಬಾಯಿ ಬಿಟ್ರೆ ಪಾಲಿಲ್ಲ, ನೆನಪಿರ್ಲಿ,” ಎಂದು ಅಜ್ಮತುಲ್ಲಾ ಕತ್ತರಿ ಎತ್ತಿ ತೋರಿಸಿದ. ಒಳಗೆ ಹಾಲು ಸುಯ್ಯೆಂದಿತು.

“ಹಾಕಮ್ಮ ಶಾವಿಗೆ!” ಎಂದುಬಿಟ್ಟ ಮಹಾಲಿಂಗಯ್ಯ. “ದ್ರಾಕ್ಷಿನೂ ಹಾಕು!”

ಅವಳು ಒಳಗೆ ಓಡಿದ ರಭಸಕ್ಕೆ ಪರದೆ ಕೊಕ್ಕೆಯಿಂದ ಕಳಚಿ ಬಿತ್ತು. “ಹೋಯ್ತು ನಿಮ್ಮ ಪಾಲು!” ಎಂದು ಅಜ್ಮತುಲ್ಲಾ ತೊಡೆ ತಟ್ಟಿ ನಗುತ್ತ ಕೊನೆಯರ್ಧವನ್ನು ಕಿತ್ತುಕೊಂಡ. ಒಲೆಯ ಬಳಿಯಿಂದಲೇ ಅಪ್ಪಣೆ ಬಂತು: “ಕಡೇ ಫಾರಂ ಮೊದ್ಲು ಓದ್ರೀ! ಅವಳು ಏಳೋದನ್ನ ಕೇಳ್ಬೇಕು. ಮಿಕ್ಕಿದ್ದು ನಿಧಾನಕ್ಕೆ ಓದಿ.”

ಅಜ್ಮತುಲ್ಲಾ ಆ ಫಾರಂ, ಎಂದರೆ ಪುಸ್ತಕದ ಕೊನೆಯ ಮಡಿಕೆಯ ಹಾಳೆಗಳನ್ನು ಬಿಡಿಸಿಕೊಂಡು, ಗಂಟಲು ಸರಿಮಾಡಿಕೊಂಡು ಆರಂಭಿಸಿದ. ಒಂದು ಹಾಳೆ ತಿರುವಿದ. ಎರಡು. ಮೂರನೆಯದನ್ನು ತಿರುವಿದೊಡನೆ, ಬಾಯಿಗಿಂತ ಮೊದಲು ಕಣ್ಣು ಓಡಿದ ಸಾಲುಗಳಲ್ಲಿ, ವೈದ್ಯರು ವಿನುತಾಳ ಕೈಯನ್ನು ಮೆಲ್ಲನೆ ಹಾಸಿಗೆಯ ಮೇಲಿರಿಸಿದರು. ಸೋದರಮಾವ ಗೋಡೆಯ ಕಡೆಗೆ ಮುಖ ತಿರುಗಿಸಿದ. ಓದು ನಿಂತಿತು. ಗೆಳೆಯ ಬಾಯಿ ಬಿಟ್ಟರೂ ಗುಟ್ಟು ಬಿಟ್ಟಿರಲಿಲ್ಲವೆಂಬುದು ಅವನಿಗೆ ಆಗ ತಿಳಿಯಿತು. ಮಹಾಲಿಂಗಯ್ಯ ಸೂರಿನ ತೊಲೆಗಳನ್ನು ಎಣಿಸುತ್ತಿದ್ದ. ಒಲೆಯ ಮುಂದೆ ಅವಳು ದ್ರಾಕ್ಷಿಯನ್ನು ಹಿಡಿಹಿಡಿಯಾಗಿ ಸುರಿಯುತ್ತಿದ್ದಳು.

“ಆಗ...” ಎಂದ ಅಜ್ಮತುಲ್ಲಾ, ಪುಟದ ಮೇಲೆ ಬೆರಳಿಟ್ಟು. “ಆಗ ವಿನುತಾ ಮೆಲ್ಲನೆ ಕಣ್ಣು ತೆರೆದಳು. ಗಂಜಿ ಬೇಕೆಂದಳು.”

“ಉಪ್ಪಿನಕಾಯಿನೂ ಕೇಳಿದ್ಲು,” ಎಂದು ಮಹಾಲಿಂಗಯ್ಯ ದನಿಗೂಡಿಸಿದ. “ನಾನು ಓದಿದೀನಲ್ಲ!”

ಅಲ್ಲಿಂದಾಚೆಗೆ ವಿನುತಾಳನ್ನು ಹಿಡಿಯುವವರಿಲ್ಲ. ಹಾಸಿಗೆ ಬಿಟ್ಟೆದ್ದವಳು ಹುತ್ರಿದುರ್ಗದ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತಿದಳು. “ನಮ್ಮ ಕುಣಿಗಲ್ ಹತ್ರದ್ದಾ?” ಎಂದು ಫಾತಿಮುನ್ನೀಸಾ ಬೆರಗಾದಾಗ, “ಮತ್ತೆಲ್ಲಿದೆ ಇನ್ನೊಂದು?” ಎಂದು ಮಹಾಲಿಂಗಯ್ಯ ಗದರಿಸಿದ. ಬೆಟ್ಟದ ತುದಿಯಲ್ಲಿ ಅವಳು ಹಾಡಿದಳು; ಹಾಡಿಗೆ ಮೋಡವೊಂದು ದಾರಿ ತಪ್ಪಿ ಇಳಿದುಬಂತು; ಮೋಡದ ಹಿಂದೆಯೇ ವರನೂ ಬಂದ. ಒಬ್ಬ ಎಳೆ ಕೊಟ್ಟರೆ ಇನ್ನೊಬ್ಬ ನೇಯ್ದ. ಬೋಳುತಲೆಯ ಇಬ್ಬರು ಗೃಹಸ್ಥರು ತಾವು ಕಟ್ಟುತ್ತಿದ್ದ ಕಥೆಗೆ ತಾವೇ ಉಸಿರು ಬಿಗಿಹಿಡಿದು ಕುಳಿತಿದ್ದರು.

“ಮಾವ ಈರುಳ್ಳಿ ಹೆಚ್ಚಿದ್ದು ಆ ಮದುವೆಗೇ ಕಣಮ್ಮ!” ಎಂದು ಮಹಾಲಿಂಗಯ್ಯ ಗೆದ್ದವನಂತೆ ಕೂಗಿದ. “ನಾನು ಮೊದ್ಲೇ ಹೇಳ್ಲಿಲ್ವಾ?”

ಫಾತಿಮುನ್ನೀಸಾ ನಕ್ಕಳು. ಇಬ್ಬರ ಕೈಗೂ ಪಾಯಸದ ಬಟ್ಟಲು ಕೊಟ್ಟಳು. ಸೆರಗಿಗೆ ಕೈ ಒರೆಸಿಕೊಂಡು, ಗಂಡನ ತೊಡೆಯ ಮೇಲಿದ್ದ ಆ ಮಡಿಕೆಯನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಎಣಿಸಿದಳು.

“ಇದ್ರಲ್ಲಿ ಎಂಟು ಹಾಳೆ. ಬಿಚ್ಚಿದೋಳು ನಾನು. ನೀವು ತಿರುವಿದ್ದು ಮೂರೇ.”

ಮಹಾಲಿಂಗಯ್ಯನ ಚಮಚ ಮೀಸೆಯ ಬಳಿ ನಿಂತಿತು. ಅಜ್ಮತುಲ್ಲಾ ಬಟ್ಟಲಿನೊಳಗೆ ನೋಡಿದ. ಹಿತ್ತಲಿನಿಂದ ಮೇಕೆಮರಿಯೊಂದೇ ಕೂಗುತ್ತಿತ್ತು.

ಉಳಿದ ಐದು ಹಾಳೆಗಳ ಮೇಲೆ ಅವಳು ಒಮ್ಮೆ ಅಂಗೈ ಸವರಿದಳು. ಬಳಿಕ ಕಾಗದದ ಕಟ್ಟಿನಿಂದ ಬಿಳಿಯ ಹಾಳೆಗಳನ್ನೆಳೆದು, ಮಡಚಿ, ಕೊನೆಗೆ ಜೋಡಿಸಿ, ಸೂಜಿಗೆ ದಾರ ಪೋಣಿಸಿದಳು.

“ಇಬ್ರೂ ಹೇಳಿದ್ದನ್ನ ಇದ್ರಲ್ಲಿ ಬರೀರಿ,” ಎಂದಳು, ಮೊದಲ ಹೊಲಿಗೆಯನ್ನು ಬಿಗಿಯಾಗಿ ಎಳೆಯುತ್ತ. “ಮಾವ ಈರುಳ್ಳಿ ಹೆಚ್ಚಿದ್ದೇ ಆಯ್ತು. ಮದುವೆ ಊಟಕ್ಕೆ ಏನ್ ಮಾಡಿದ್ರು ಅಂತ ಹೇಳ್ಲೇ ಇಲ್ಲ.”